ಫ್ರೆಂಚ್ ವರ್ತಮಾನಕಾಲ: ಪಟ್ಟಿಯಲ್ಲಿ ಆರು ಸಾಲು, ಕಿವಿಗೆ ಮೂರೇ ಸದ್ದು. ಯಾವ ಕಡೆಯಿಂದ ಶುರು ಮಾಡೋದು?

ರಾತ್ರಿಪಾಳಿ

ಕೆನಡಾ ವಲಸೆ ಅರ್ಜಿಗೆ ಫ್ರೆಂಚ್ ಮಟ್ಟ ಅಳೆಯೋ ಟಿಇಎಫ್ ಪರೀಕ್ಷೆ ಕಟ್ಟೋಣ ಅಂತ ಫ್ರೆಂಚ್ ಹಿಡಿದಿದ್ದೇನೆ. ವರ್ತಮಾನಕಾಲದ ಪಟ್ಟಿಗಳು ಬಾಯಿಗೆ ಬರ್ತವೆ, ಕೈಗೂ ಬರ್ತವೆ, ಕಿವಿಗೆ ಮಾತ್ರ ಬರ್ತಿಲ್ಲ. 'ಪಾರ್ಲೇ' ತಗೊಳ್ಳಿ, ಮಾತಾಡು ಅಂತ. 'ನಾನು' ಸಾಲಿನ ಕೊನೆಗೆ ಇ, 'ನೀನು' ಸಾಲಿಗೆ ಇ-ಎಸ್, 'ಅವನು/ಅವಳು' ಸಾಲಿಗೆ ಮತ್ತೆ ಇ, 'ಅವರು' ಸಾಲಿಗೆ ಇ-ಎನ್-ಟಿ. ಆಡಿಯೊ ಹಾಕಿದ್ರೆ ಈ ನಾಲ್ಕೂ 'ಪಾರ್ಲ್'. 'ನಾವು' ಅನ್ನೋವಾಗ 'ಪಾರ್ಲೋಂ', 'ನೀವು' ಅನ್ನೋವಾಗ 'ಪಾರ್ಲೇ', ಇವೆರಡೇ ಬೇರೆ ಕೇಳೋದು.

ಕೇಳಿಸದೇ ಇರೋ ಅಕ್ಷರಕ್ಕೆ ಇಷ್ಟು ಹೊತ್ತು ಯಾಕೆ ಸುರಿಬೇಕು? ಮೂರು ಗುಂಪು ಅಂತ ಮಾಡಿ ಬಾಯಿಪಾಠ ಹೊಡಿಯೋದೇ ದಾರಿನಾ, ಬೇರೆ ಏನಾದ್ರೂ ಇದೆಯಾ? ಶಿಫ್ಟ್ ಮುಗಿದ ಮೇಲೆ ಓದೋದು, ತಲೆ ಅಷ್ಟೇ ಓಡುತ್ತೆ.

ಹಳೇ ಮೇಷ್ಟ್ರು

ದಾರಿ ಇದೆ, ಆದರೆ ಪಟ್ಟಿ ಬಿಟ್ಟು ಇಲ್ಲ. ಟಿಇಎಫ್‌ನಲ್ಲಿ ಬರವಣಿಗೆಯ ವಿಭಾಗವೂ ಇದೆ ಎಂಬುದನ್ನು ಮರೆಯಬೇಡಿ. ಅಲ್ಲಿ ನೀವು 'ನೀನು' ಸಾಲಿನ ಎಸ್ ನುಂಗಿದರೆ ಪರೀಕ್ಷಕರು 'ಕೇಳಿಸುವುದಿಲ್ಲವಲ್ಲ' ಎಂದು ಬಿಟ್ಟುಬಿಡುವುದಿಲ್ಲ.

ಮೊದಲ ಗುಂಪು, ಮೂಲರೂಪ ಇ-ಆರ್‌ನಲ್ಲಿ ಮುಗಿಯುವವು. ಫ್ರೆಂಚ್ ಕ್ರಿಯಾಪದಗಳಲ್ಲಿ ನೂರಕ್ಕೆ ಸುಮಾರು 90 ಇಲ್ಲೇ ಇವೆ. ಇ-ಆರ್ ಕಿತ್ತು ಇ, ಇ-ಎಸ್, ಇ, ಒ-ಎನ್-ಎಸ್, ಇ-ಜ಼ೆಡ್, ಇ-ಎನ್-ಟಿ ಹಚ್ಚುವುದು. ಭಾಷೆಗೆ ಹೊಸದಾಗಿ ಬಂದು ಸೇರುವವೂ ಈ ಗುಂಪಿಗೇ ಸೇರುತ್ತವೆ: ಗೂಗಲ್‌ನಲ್ಲಿ ಹುಡುಕುವುದು 'ಗೂಗ್ಲೇ', ಲೈಕ್ ಒತ್ತುವುದು 'ಲೈಕೇ'.

ಎರಡನೇ ಗುಂಪು, 'ಫಿನೀರ್' (ಮುಗಿಸು) ಥರದವು, ಸುಮಾರು 300. ಐ-ಆರ್‌ನ ಆರ್ ತೆಗೆದು ಏಕವಚನಕ್ಕೆ ಎಸ್, ಎಸ್, ಟಿ; ಬಹುವಚನದಲ್ಲಿ ನಡುವೆ ಎರಡು ಎಸ್ ಬಂದು 'ಫಿನಿಸೋಂ, ಫಿನಿಸೇ, ಫಿನೀಸ್'. ಇದರಲ್ಲಿ ಒಂದು ಚೆಂದದ ಕುಟುಂಬವಿದೆ, ಗುಣವಾಚಕದಿಂದ ಹುಟ್ಟಿದವು. 'ರೂಝ್' ಕೆಂಪು, 'ರೂಝೀರ್' ಕೆಂಪಾಗು. 'ಗ್ರಾಂ' ದೊಡ್ಡ, 'ಗ್ರಾಂದೀರ್' ಬೆಳೆ. 'ಮೆಗ್ರ್' ತೆಳ್ಳಗೆ, 'ಮೆಗ್ರೀರ್' ಸೊರಗು. ಬಣ್ಣಗಳೂ ಮೈಕಟ್ಟೂ ಗೊತ್ತಿದ್ದರೆ ಹತ್ತಾರು ಕ್ರಿಯಾಪದ ಪುಕ್ಕಟೆ.

ಮೂರನೆಯದು, ಉಳಿದದ್ದೆಲ್ಲ.

ಗ್ರೆನೋಬ್ಲ್ ಗೌಡ

ಮೇಷ್ಟ್ರ ಮಾತು ಕಾಗದಕ್ಕೆ ಸರಿ. ಆದರೆ 'ಮೂರನೆಯದು ಉಳಿದದ್ದೆಲ್ಲ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ, ಜನ ಫ್ರೆಂಚ್ ಬಿಟ್ಟು ಓಡೋದೇ ಆ ಸಾಲಿನ ಹತ್ತಿರ. ದಿನಾ ಬಾಯಲ್ಲಿ ಓಡಾಡೋ ಬರು, ಹೋಗು, ತಗೋ, ಇಡು, ಕುಡಿ, ಓದು, ಬರೆ, ಮಾಡು, ಎಲ್ಲಾ ಆ 'ಉಳಿದದ್ದರಲ್ಲೇ' ಇವೆ. ನೂರಕ್ಕೆ 90 ಅನ್ನೋದು ನಿಘಂಟಿನ ಲೆಕ್ಕ, ಬೀದಿಯ ಲೆಕ್ಕ ಅಲ್ಲ.

ಮೊದಲು ಕನ್ನಡದಲ್ಲಿ ಸದ್ದು ಬರೆಯೋ ಒಪ್ಪಂದ ಮಾಡ್ಕೊಳ್ಳೋಣ. ಕೊನೆಯಲ್ಲಿ ಸೊನ್ನೆ ಇದ್ದರೆ ತುಟಿ ಮುಚ್ಚಬೇಡಿ, ಸ್ವರವನ್ನ ಮೂಗಿಗೆ ಬಿಡಿ. ಜ಼ ಅಂದ್ರೆ ಜ಼ೆಡ್ ಸದ್ದು. ಝ ಅಂದ್ರೆ 'ನಾನು' ಅನ್ನೋ ಫ್ರೆಂಚ್ ಪದದ ('ಝ') ಸದ್ದು, ಶ ಹೇಳ್ತಾ ಗಂಟಲು ಗುಂಯ್‌ಗುಡಿಸಿದರೆ ಬರುತ್ತೆ.

ಈಗ ಕ್ರಮ ತಿರುಗಿಸಿ. 'ನಾನು' ಸಾಲಿಂದ ಕೆಳಗೆ ಇಳೀಬೇಡಿ. 'ಅವರು' ರೂಪ ಮೊದಲು ಕಲೀರಿ, ಅದರ ಕೊನೆಯ ವ್ಯಂಜನದ ಸದ್ದು ಕಳಚಿ. ಏಕವಚನ ಸಿಕ್ತು.

ಅವರು ಮುಗಿಸ್ತಾರೆ, 'ಇಲ್ ಫಿನೀಸ್'. ಅವನು ಮುಗಿಸ್ತಾನೆ, 'ಇಲ್ ಫಿನಿ'. ಅವರು ಮಾರ್ತಾರೆ 'ಇಲ್ ವಾಂದ್', ಅವನು 'ಇಲ್ ವಾಂ'. ನಿದ್ದೆ ಮಾಡೋದು: 'ದೋರ್ಮ್', 'ದೋರ್'. ಹೊರಡೋದು: 'ಪಾರ್ತ್', 'ಪಾರ್'. ಓದೋದು: 'ಲೀಜ಼್', 'ಲಿ'. ಇಡೋದು: 'ಮೆತ್', 'ಮೆ'. ಕುಡಿಯೋದು: 'ಬ್ವಾವ್', 'ಬ್ವಾ'. ಮೇಷ್ಟ್ರ ಎರಡನೇ ಗುಂಪೂ ಮೂರನೇ ಗುಂಪೂ ಇಲ್ಲಿ ಒಂದೇ ನಿಯಮಕ್ಕೆ ಬಗ್ಗಿದವು ನೋಡಿ. ಎರಡು ಎಸ್ ನಡುವೆ 'ಬರೋದಲ್ಲ', ಅದು ಮೂಲದಲ್ಲೇ ಇದೆ, ಏಕವಚನದಲ್ಲಿ ಉದುರುತ್ತೆ.

ಮೊದಲ ಗುಂಪಲ್ಲಿ ಯಾಕೆ ಉದುರಲ್ಲ? ರಾತ್ರಿಪಾಳಿಯವರ ಪ್ರಶ್ನೆಗೆ ಇದೇ ಉತ್ತರ. ಆ ಗುಂಪಿನ ಏಕವಚನದ ಕೊನೆಗೆ ಬರೆಯೋ ಇ ತಾನು ಕೇಳಿಸಲ್ಲ, ಆದರೆ ತನ್ನ ಹಿಂದಿನ ವ್ಯಂಜನವನ್ನ ಉಳಿಸುತ್ತೆ. 'ಪಾರ್ಲ್' ಅನ್ನೋವಾಗ ಲ್ ಕೇಳಿಸೋದು ಆ ಇ ದಯೆಯಿಂದ. 'ವಾಂ' ಬರೆಯೋವಾಗ ಡಿ ಆದಮೇಲೆ ಇ ಇಲ್ಲ, ಹಾಗಾಗಿ ಡಿ ಸತ್ತಿದೆ. 'ಅವರು' ಸಾಲಲ್ಲಿ ಇ-ಎನ್-ಟಿ ಬಂತು, ಅದರೊಳಗೆ ಇ ಇದೆ, ಡಿ ಎದ್ದು ಕೂತಿತು. ಕೇಳಿಸದ ಅಕ್ಷರಗಳು ಓದೋನಿಗೆ ಬರೆದಿಟ್ಟ ಸೂಚನೆ: ಹಿಂದಿನ ವ್ಯಂಜನ ನುಡಿಸು, ಅಥವಾ ನುಡಿಸಬೇಡ. ಒಂದೇ ಗಾದೆ ನೆನಪಿಡಿ: ಇ ಇದ್ದರೆ ವ್ಯಂಜನ ಬದುಕಿತು. 'ದೋರ್', 'ಪಾರ್'ಗಳಲ್ಲಿ ರ್ ಉಳಿದದ್ದು ಯಾಕೆ ಅಂದ್ರೆ ಕೊನೆಗೆ ಬಂದ ಆ ಸದ್ದು ಕ್ರಿಯಾರೂಪಗಳಲ್ಲಿ ಸಾಯಲ್ಲ, ಮೂಲರೂಪದ ಇ-ಆರ್ ಒಂದನ್ನ ಬಿಟ್ಟರೆ.

ಇನ್ನೊಂದು ಸಂತೋಷದ ಸುದ್ದಿ. ಏಕವಚನದ ಮೂರೂ ಸಾಲು ಕಿವಿಗೆ ಒಂದೇ. ಇಡೀ ಭಾಷೆಯಲ್ಲಿ ಇದಕ್ಕೆ ತಪ್ಪೋದು ಮೂರೇ ಕ್ರಿಯಾಪದ: ಇರು ('ಝ ಸ್ವಿ', 'ತ್ಯು ಎ', 'ಇಲ್ ಎ'), ಹೊಂದಿರು ('ಝೇ', 'ತ್ಯು ಆ', 'ಇಲ್ ಆ'), ಹೋಗು ('ಝ ವೆ', 'ತ್ಯು ವಾ', 'ಇಲ್ ವಾ'). ಅದರಲ್ಲೂ ಕಿವಿಗೆ ಬೇರೆ ಕೇಳೋದು 'ನಾನು' ಮಾತ್ರ.

'ನಾವು–ನೀವು' ಜೋಡಿಗೆ ಕೆಲವೊಮ್ಮೆ ಬೇರೆಯದೇ ಬೇರು. ಬರೋದು: 'ಅವರು' 'ವಿಯೆನ್', 'ಅವನು' 'ವಿಯಾಂ', ಆದರೆ 'ನಾವು' 'ವನೋಂ'. ತಗೊಳ್ಳೋದು: 'ಪ್ರೆನ್', 'ಪ್ರಾಂ', 'ಪ್ರನೋಂ'. ಕುಡಿಯೋದು 'ಬ್ಯುವೋಂ'. ಅಂದ್ರೆ ಎಷ್ಟೇ ಕೆಟ್ಟ ಕ್ರಿಯಾಪದ ಆದ್ರೂ ಸಾಮಾನ್ಯವಾಗಿ ಮೂರು ಸದ್ದು ಇಟ್ಕೊಂಡ್ರೆ ಕೆಲಸ ನಡೆಯುತ್ತೆ. ಆರು ಸಾಲು ಬೇಡ.

ಧಾರವಾಡ ಪೇಢೆ

ಗೌಡ್ರ, ಭಾಳ ಛಲೋ ಹೇಳಿದ್ರಿ. ಆದ್ರ ನಮ್ಮ ಬಾಯಿಗೆ ಒಂದು ಚಟ ಅದ ನೋಡ್ರಿ, ಯಾವ ಶಬ್ದಾನೂ ವ್ಯಂಜನದಾಗ ಬಿಡಂಗಿಲ್ಲ. ಬಸ್ಸು, ಕಾರು, ಬ್ಯಾಂಕು, ಎಲ್ಲಾದಕ್ಕೂ ಒಂದು ಉ ಅಂಟಿಸಿನಾ ಕೆಳಗ ಇಡೋದು. ಮ್ಯಾಲೆ ಬರದಿದ್ದೆಲ್ಲಾ ಓದಬೇಕು ಅನ್ನೋ ಕನ್ನಡದ ಹುಕಿ ಬ್ಯಾರೆ. ಎರಡೂ ಸೇರಿ ಏನಾಗ್ತದ? 'ಅಂವ ಮಾರ್ತಾನ' ಅನ್ನಾಕ ಹೋಗಿ ಡಿ ಕಂಡ್ಕೂಡಲೇ 'ಇಲ್ ವಾಂದು' ಅಂತೀವಿ. ಕೇಳಾಂವಗ 'ಅವರು ಮಾರ್ತಾರ' ಅಂತ ಮುಟ್ತದ. ಒಬ್ಬನ ಅಂಗಡಿ ಹೋಗಿ ಪಾಲುದಾರಿಕಿ ಆತು!

ಅಂದ್ರ ನಮಗ ಕಷ್ಟ ಇರೋದು ವ್ಯಂಜನ ಹಚ್ಚೋದ್ರಾಗ ಅಲ್ರಿ, ಬಿಡೋದ್ರಾಗ. ಗೌಡ್ರ ಪದ್ಧತಿ ನಮಗ ಹೊಂದತದ ಯಾಕಂದ್ರ ಅದು ಕಳಚೋ ಪದ್ಧತಿ.

ಕುಡ್ಲ ಕಡಲು

ಮೂಗಿನ ಸ್ವರದ ವಿಷಯ ಸ್ವಲ್ಪ ನಿಲ್ಲಿಸಿ ಹೇಳಬೇಕು ಮಾರಾಯ್ರೆ. 'ವಿಯಾಂ' ಅಂತ ಬರೆದದ್ದನ್ನು ನಾವು 'ವಿಯಾಮ್' ಅಂತಲೋ 'ವಿಯಾನ್' ಅಂತಲೋ ಓದಿದರೆ ಕತೆ ಮುಗಿಯಿತು, ಅದು 'ವಿಯೆನ್'ಗೆ ಹತ್ತಿರ ಹೋಗಿ ಏಕವಚನ ಬಹುವಚನ ಆಗ್ತದೆ. ಕನ್ನಡದಲ್ಲಿ ಸೊನ್ನೆಗೆ ಯಾವಾಗಲೂ ಮ್, ನ್, ಙ್ ಏನಾದರೊಂದು ಮೈ ಉಂಟು. ಫ್ರೆಂಚಿನಲ್ಲಿ ಇಲ್ಲ. ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ ಇದು ಹೊಸತಲ್ಲ, ನಮ್ಮಲ್ಲಿ ಮೂಗಿನ ಸ್ವರ ಇದ್ದೇ ಉಂಟು. ಉಳಿದವರು ಒಂದು ಕೆಲಸ ಮಾಡಿ: ಬೆರಳಿಂದ ಮೂಗು ಹಿಡಿದು 'ವಾಂ' ಹೇಳಿ. ಸದ್ದು ಕಟ್ಟಿದ ಹಾಗೆ ಆದರೆ ಸರಿ. ಆಮೇಲೆ ಕನ್ನಡಿಯಲ್ಲಿ ನೋಡಿ, ಕೊನೆಗೆ ತುಟಿಯೂ ಮುಚ್ಚಬಾರದು, ನಾಲಿಗೆ ತುದಿಯೂ ಹಲ್ಲಿಗೆ ಮುಟ್ಟಬಾರದು.

ಒಂಬತ್ತನೇ ಕ್ಲಾಸಿನ ಅಮ್ಮ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮಗಳಿಗೆ ಶಾಲೆಯಲ್ಲಿ ಫ್ರೆಂಚ್ ಇದೆ. ಉತ್ತರಪತ್ರಿಕೆಯಲ್ಲಿ 'ನನ್ನ ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡ್ತಾರೆ' ಅನ್ನೋದಕ್ಕೆ ಕ್ರಿಯಾಪದದ ಕೊನೆಗೆ ಇ-ಎನ್-ಟಿ ಬರೆದಿದ್ದಾಳೆ, ಕೆಂಪು ಶಾಯಿ ಬಿದ್ದಿದೆ. 'ನಾನು ಬಾಕಿ ಎಲ್ಲ ಕಡೆ ಸರಿಯಾಗೇ ಬರೆದಿದ್ದೆ, ಇದೊಂದೇ ಯಾಕೆ ತಪ್ಪು' ಅಂತ ಅವಳ ವಾದ. ನಿಜ, ತಮ್ಮನ ಬಗ್ಗೆ ಬರೆದ ಸಾಲಿನಲ್ಲಿ ಬರೀ ಇ ಇದೆ.

ಹಳೇ ಮೇಷ್ಟ್ರು

ಅಮ್ಮಾ, ನಿಮ್ಮ ಮಗಳು ಫ್ರೆಂಚ್ ತಪ್ಪಿಲ್ಲ, ಅಪ್ಪನಿಗೆ ಮರ್ಯಾದೆ ಕೊಟ್ಟಿದ್ದಾಳೆ. ನಾವು 'ಅಪ್ಪ ಮಾಡ್ತಾರೆ, ತಮ್ಮ ಮಾಡ್ತಾನೆ' ಎನ್ನುತ್ತೇವೆ. ಫ್ರೆಂಚಿನಲ್ಲಿ ಎದುರಿಗಿರುವವರಿಗೆ ಬಹುವಚನದ ಗೌರವವಿದೆ, 'ತ್ಯು' ಎಂದರೆ ನೀನು, 'ವೂ' ಎಂದರೆ ನೀವು, ಒಬ್ಬರೇ ಇದ್ದರೂ ಕ್ರಿಯಾಪದ ಬಹುವಚನದ್ದೇ. ಇದು ನಮಗೆ ಕೈಹಿಡಿದು ಕಲಿಸಬೇಕಾದ್ದಲ್ಲ. ಆದರೆ ಪಕ್ಕದಲ್ಲಿಲ್ಲದ ಹಿರಿಯರಿಗೆ ಬಹುವಚನ ಇಲ್ಲ. ಅಪ್ಪನಾಗಲಿ, ಅಧ್ಯಕ್ಷನಾಗಲಿ 'ಇಲ್', ಕ್ರಿಯಾಪದ ಏಕವಚನ. ಲಿಂಗಭೇದವೂ ಕ್ರಿಯಾಪದದಲ್ಲಿ ಇಲ್ಲ, ಬರುತ್ತಾನೆ–ಬರುತ್ತಾಳೆ–ಬರುತ್ತದೆ ಮೂರಕ್ಕೂ ಒಂದೇ ರೂಪ.

ಇ-ಎನ್-ಟಿ ಬಗ್ಗೆ ಅವಳಿಗೆ ಇನ್ನೊಂದು ಹೇಳಿ. ಕ್ರಿಯಾಪದದ ಬಹುವಚನದಲ್ಲಿ ಮಾತ್ರ ಅದು ಮೂಕ. ನಾಮಪದದಲ್ಲಿ, ಗುಣವಾಚಕದಲ್ಲಿ, ಅವ್ಯಯದಲ್ಲಿ ಅದೇ ಮೂರಕ್ಷರ 'ಆಂ' ಎಂದು ಕೇಳಿಸುತ್ತದೆ. ಫ್ರಾನ್ಸಿನ ಮಕ್ಕಳಿಗೆ ಹೇಳಿಕೊಡುವ ಹಳೆಯ ವಾಕ್ಯ: 'ಲೆ ಪೂಲ್ ದ್ಯು ಕೂವಾಂ ಕೂವ್'. ಕನ್ಯಾಮಠದ ಕೋಳಿಗಳು ಕಾವಿಗೆ ಕೂತಿವೆ. ಕೊನೆಯ ಎರಡು ಪದಗಳ ಕಾಗುಣಿತ ಅಕ್ಷರ ಅಕ್ಷರವೂ ಒಂದೇ. ಮೊದಲನೆಯದು ನಾಮಪದ, ಹಾಗಾಗಿ 'ಕೂವಾಂ'. ಎರಡನೆಯದು ಕ್ರಿಯಾಪದ, ಹಾಗಾಗಿ 'ಕೂವ್'. ವಾಕ್ಯದಲ್ಲಿ ಯಾವುದು ಕ್ರಿಯಾಪದ ಎಂದು ಗೊತ್ತಿಲ್ಲದವನಿಗೆ ಓದಲೂ ಬಾರದು.

ರಾತ್ರಿಪಾಳಿ

ಕೋಳಿ ವಾಕ್ಯ ಬರೆದಿಟ್ಕೊಂಡೆ. ಗೌಡ್ರೇ, ಒಂದು ಅನುಮಾನ. ಅವನು ಅನ್ನೋದಕ್ಕೂ ಅವರು ಅನ್ನೋದಕ್ಕೂ ಕಿವಿಗೆ 'ಇಲ್' ಒಂದೇ. 'ಪಾರ್ಲ್' ಕೂಡ ಒಂದೇ. ಹಾಗಾದ್ರೆ 'ಇಲ್ ಪಾರ್ಲ್' ಅಂತ ಕೇಳಿದ್ರೆ ಒಬ್ಬನಾ, ನಾಲ್ಕು ಜನಾನಾ?

ಗ್ರೆನೋಬ್ಲ್ ಗೌಡ

ಗೊತ್ತಾಗಲ್ಲ. ಹಿಂದುಮುಂದಿನ ಮಾತಿಂದಲೇ ತಿಳೀಬೇಕು, ಫ್ರೆಂಚರೂ ಹಾಗೇ ತಿಳಿಯೋದು.

ಕ್ರಿಯಾಪದ ಸ್ವರದಿಂದ ಶುರುವಾದರೆ ಮಾತ್ರ ಅದೃಷ್ಟ. 'ಅವರು' ಪದದ ಕೊನೆಯ ಎಸ್ ಆಗ ಜ಼ ಆಗಿ ಮುಂದಿನ ಪದಕ್ಕೆ ಅಂಟುತ್ತೆ. ಪ್ರೀತಿಸೋದು 'ಎಮ್': ಅವನು 'ಇಲೆಮ್', ಅವರು 'ಇಲ್ ಜ಼ೆಮ್'. ಆ ಒಂದು ಜ಼ ಬಿಟ್ಟರೆ ಬಹುವಚನಕ್ಕೆ ಬೇರೆ ಸಾಕ್ಷಿ ಇಲ್ಲ. ಕಿವಿ ಪರೀಕ್ಷೆಯಲ್ಲಿ ಬೀಳಿಸೋ ಜೋಡಿ ಇನ್ನೊಂದಿದೆ: 'ಇಲ್ ಸೋಂ' ಅಂದ್ರೆ ಅವರು ಇದ್ದಾರೆ, 'ಇಲ್ ಜ಼ೋಂ' ಅಂದ್ರೆ ಅವರ ಹತ್ತಿರ ಇದೆ. ಸ ಮತ್ತು ಜ಼ ನಡುವೆ ಇಡೀ ಅರ್ಥ ನೇತಾಡ್ತಿದೆ. ಕನ್ನಡದಲ್ಲಿ ಜ಼ ಇಲ್ಲದ್ದರಿಂದ ನಮ್ಮ ಕಿವಿ ಅದನ್ನ ಸ ಅಂತಲೋ ಜ ಅಂತಲೋ ಹಾಕ್ಕೊಂಡುಬಿಡುತ್ತೆ. ಈ ಜೋಡಿಯನ್ನೇ ಮೊದಲು ತಿದ್ದಿಕೊಳ್ಳಿ, ಮಿಕ್ಕಿದ್ದು ಆಮೇಲೆ.

ಇಲ್ಲಿಂದಲೇ ಇನ್ನೊಂದು ವಿಷಯ ಬಿಚ್ಚಿಕೊಳ್ಳುತ್ತೆ, ಇದನ್ನ ಯಾವ ಕ್ಲಾಸಲ್ಲೂ ನೆಟ್ಟಗೆ ಹೇಳಲ್ಲ. ನಾವು 'ನಾಳೆ ಬರ್ತೀನಿ' ಅಂತೀವಿ, 'ನಾನು' ಹೇಳೋದೇ ಇಲ್ಲ. ಬಾಲ ಕೇಳಿಸುತ್ತೆ, ಯಾರು ಅಂತ ಬಾಲವೇ ಹೇಳುತ್ತೆ. ಇಟಾಲಿಯನ್, ಸ್ಪ್ಯಾನಿಷ್‌ನವರೂ ಹಾಗೇ, ಅವರ ಬಾಲ ಇನ್ನೂ ಕೇಳಿಸುತ್ತೆ, ಸರ್ವನಾಮ ಬಿಡ್ತಾರೆ. ಹಳೆಯ ಫ್ರೆಂಚಲ್ಲೂ ಬಾಲಗಳಿಗೆ ಸದ್ದಿತ್ತು, ಸರ್ವನಾಮ ಬಿಟ್ಟು ಮಾತಾಡೋದೂ ಇತ್ತು. ಶತಮಾನಗಳ ಕಾಲ ಸವೆದು ಸವೆದು ಬಾಲ ಮೂಕವಾದವು, ಯಾರು ಅನ್ನೋದನ್ನ ಹೇಳೋ ಕೆಲಸ ಮುಂದಿನ ಸರ್ವನಾಮದ ತಲೆಗೆ ಬಿತ್ತು. ಹಾಗಾಗಿ ಫ್ರೆಂಚಲ್ಲಿ ಝ, ತ್ಯು, ಇಲ್ ಅನ್ನೋವು ಬೇರೆ ಪದ ಅಂತ ತಿಳ್ಕೋಬೇಡಿ. ನಮ್ಮ 'ತೀನಿ, ತೀಯ, ತಾನೆ' ಇದ್ದ ಹಾಗೆ, ಜಾಗ ಮಾತ್ರ ಮುಂದೆ. 'ಝಪಾರ್ಲ್' ಅಂತ ಒಂದೇ ಉಸಿರಿಗೆ ಹೇಳಿ. ನಮ್ಮವರು ಮಾತಾಡೋವಾಗ 'ಪಾರ್ಲ್ ಫ್ರಾಂಸೆ' ಅಂತ ಸರ್ವನಾಮ ನುಂಗಿಬಿಡ್ತಾರೆ, ಅದು ಎದುರಿನವನಿಗೆ 'ಫ್ರೆಂಚ್ ಮಾತಾಡು' ಅಂತ ಆಜ್ಞೆಯಾಗಿ ಕೇಳುತ್ತೆ.

ಮಾಂಟ್ರಿಯಲ್ ಮಂಜು

ಕೆನಡಾ ಗುರಿ ಅಂದ್ರೆ ಈ ಕಡೆಯ ಸುದ್ದಿಯೂ ಇರಲಿ. 2023ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಕೆನಡಾ ವಲಸೆ ಪದ್ಧತಿಯಲ್ಲಿ ಫ್ರೆಂಚ್ ಬಲ್ಲವರಿಗೆ ಬೇರೆ ಸುತ್ತು ಶುರುವಾಗಿದೆ, ಓದು–ಬರಹ–ಕೇಳು–ಮಾತು ನಾಲ್ಕರಲ್ಲೂ 7ನೇ ಮಟ್ಟ ಬೇಕು. ಹಾಗಾಗಿ ಮೇಷ್ಟ್ರೂ ಬೇಕು ಗೌಡ್ರೂ ಬೇಕು, ಜಗಳ ಬೇಡ.

'ನಾವು ಪಾರ್ಲೋಂ' ಅಂತ ಕಷ್ಟಪಟ್ಟು ಕಲೀತೀರಲ್ಲ, ಇಲ್ಲಿಗೆ ಬಂದು ಕಿವಿಗೊಟ್ಟರೆ ಅದು ಬಲು ಅಪರೂಪ. ಮಾತಲ್ಲಿ 'ನಾವು' ಅನ್ನೋ ಅರ್ಥದ 'ನೂ' ಜಾಗಕ್ಕೆ 'ಓಂ' ಬಂದು ಕೂತಿದೆ. 'ಓಂ ಪಾರ್ಲ್', ನಾವು ಮಾತಾಡ್ತೀವಿ. ಕ್ರಿಯಾಪದ ಮಾತ್ರ ಅವನು–ಅವಳು ರೂಪದ್ದೇ. ಫ್ರಾನ್ಸಲ್ಲೂ ಮಾತಿನ ಮಟ್ಟಿಗೆ ಇದೇ ಕತೆ. ಅಂದ್ರೆ ಮೊದಲ ಗುಂಪಲ್ಲಿ 'ನೀವು' ಒಂದನ್ನ ಬಿಟ್ಟರೆ ಉಳಿದ ಐದೂ ಸಾಲು ಒಂದೇ ಸದ್ದು. ರಾತ್ರಿಪಾಳಿಯವರೇ, ನಿಮ್ಮ ಮೂರು ಎರಡಾಯ್ತು.

ಕೆಬೆಕ್ ಬೀದಿ ಮಾತಿನ ಎರಡು ವಿಚಿತ್ರ ಮೊದಲೇ ಗೊತ್ತಿದ್ರೆ ಗಾಬರಿ ಆಗಲ್ಲ. 'ನಾನು ಹೋಗ್ತೀನಿ' ಅನ್ನೋದಕ್ಕೆ 'ಝ ವೆ' ಬದಲು 'ಝ ವಾ' ಅನ್ನೋರು ಸಿಗ್ತಾರೆ. ಇನ್ನು ಪ್ರಶ್ನೆ ಕೇಳೋವಾಗ ಕ್ರಿಯಾಪದ ಆದಮೇಲೆ ಇನ್ನೊಂದು 'ತ್ಯು' ಅಂಟಿಸ್ತಾರೆ, ನಮ್ಮ 'ಬರ್ತೀಯಾ'ದ 'ಆ' ಥರ. ಅದು ನೀನು ಅಲ್ಲ, ಬರೀ ಪ್ರಶ್ನೆಯ ಗುರುತು. ಪರೀಕ್ಷೆಯಲ್ಲಿ ಬರೀಬೇಡಿ.

ಹಳೇ ಮೇಷ್ಟ್ರು

'ಓಂ' ಒಪ್ಪಿದೆ, ಆದರೆ ಅಧಿಕೃತ ಪತ್ರದಲ್ಲಿ 'ನೂ' ಬೇಕೇ ಬೇಕು, ಪರೀಕ್ಷೆಯಲ್ಲಿ ದೂರುಪತ್ರವೋ ಅರ್ಜಿಯೋ ಬರೆಯುವಾಗ ಮಂಜು ಅವರ ಬೀದಿ ಕೈಕೊಡುತ್ತದೆ.

ಗೌಡರು ಸದ್ದಿನ ಹಿಂದೆ ಓಡಿ ಬಿಟ್ಟುಹೋದದ್ದನ್ನು ನಾನು ಹೆಕ್ಕಿ ಇಡುತ್ತೇನೆ. 'ನೀವು' ಸಾಲು ಇ-ಜ಼ೆಡ್‌ನಲ್ಲಿ ಮುಗಿಯದ ಕ್ರಿಯಾಪದಗಳು ಮೂರು: 'ವೂಜ಼ೆತ್' (ಇದ್ದೀರಿ), 'ವೂ ಫೆತ್' (ಮಾಡುತ್ತೀರಿ), 'ವೂ ದೀತ್' (ಹೇಳುತ್ತೀರಿ). ಹೇಳು ಎಂಬುದರ ಸಂತಾನದಲ್ಲೂ ಜಗಳವಿದೆ: ಮತ್ತೆ ಹೇಳು ಎಂಬುದು ತಾಯಿಯಂತೆ 'ವೂ ರದೀತ್', ಆದರೆ ನಿಷೇಧಿಸು ಎಂಬುದು ದಾರಿ ತಪ್ಪಿ 'ವೂಜ಼ಾಂತೆರ್ದೀಜ಼ೇ'. 'ಅವರು' ಸಾಲು ಒ-ಎನ್-ಟಿ ಆಗುವವು ನಾಲ್ಕು: ಸೋಂ (ಇದ್ದಾರೆ), ಓಂ (ಹೊಂದಿದ್ದಾರೆ), ವೋಂ (ಹೋಗುತ್ತಾರೆ), ಫೋಂ (ಮಾಡುತ್ತಾರೆ). ಬಲ್ಲೆ–ಬೇಕು ಎಂಬ ಅರ್ಥದ 'ಪೂವ್ವಾರ್', 'ವೂಲ್ವಾರ್'ಗಳಿಗೆ 'ನಾನು, ನೀನು' ಸಾಲಿನಲ್ಲಿ ಎಸ್ ಬದಲು ಎಕ್ಸ್. ತೆರೆ ಎಂಬ 'ಊವ್ರೀರ್', ಕೊಡು ಎಂಬ 'ಓಫ್ರೀರ್' ಹೆಸರಿಗೆ ಮೂರನೇ ಗುಂಪು, ಬಾಲ ಮೊದಲ ಗುಂಪಿನದು. ಕಾರಣ ಗೌಡರ ಗಾದೆಯಲ್ಲೇ ಇದೆ: ವ್, ರ್ ಜೋಡಿ ನುಡಿಯಬೇಕಾದರೆ ಕೊನೆಗೊಂದು ಇ ಬೇಕು.

ಮೊದಲ ಗುಂಪಿನೊಳಗಿನ ಸಣ್ಣ ಕಿರಿಕಿರಿಗಳೂ ಸದ್ದು ಕಾಯುವುದಕ್ಕೇ ಇರುವವು. ತಿನ್ನು ಎಂಬ 'ಮಾಂಝೇ'ಗೆ 'ನಾವು' ಸಾಲಿನಲ್ಲಿ ಜಿ ಮತ್ತು ಒ ನಡುವೆ ಒಂದು ಇ ತುರುಕುತ್ತಾರೆ; ಇಲ್ಲದಿದ್ದರೆ 'ಮಾಂಗೋಂ' ಆಗಿಬಿಡುತ್ತದೆ. ಶುರುಮಾಡು ಎಂಬ 'ಕೊಮಾಂಸೇ'ಗೆ ಅದೇ ಜಾಗದಲ್ಲಿ ಸಿ ಅಕ್ಷರದ ಕೆಳಗೆ ಬಾಲ. ಎಲ್ಲರೂ ಮೊದಲ ದಿನ ಕಲಿಯುವ 'ಝ ಮಾಪೆಲ್', ನನ್ನ ಹೆಸರು, ಅದರಲ್ಲಿ ಎಲ್ ಎರಡು. 'ನೀವು' ಎಂದ ಕೂಡಲೇ 'ವೂಜ಼ಾಪ್ಲೇ', ಎಲ್ ಒಂದೇ. ಕೊಳ್ಳು ಎಂಬುದಕ್ಕೆ 'ಝಾಶೆತ್', ಅಲ್ಲಿ ಎರಡು ಟಿ ಇಲ್ಲ, ಇ ಮೇಲೊಂದು ಗೆರೆ. ಒಂದೇ ರೋಗಕ್ಕೆ ಎರಡು ಮದ್ದು. 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಸರ್ಕಾರಿ ಗೆಜೆಟ್‌ನಲ್ಲಿ ಬಂದ ಕಾಗುಣಿತ ಸುಧಾರಣೆ ಗೆರೆಯ ಮದ್ದನ್ನೇ ಎಲ್ಲಕ್ಕೂ ಹಚ್ಚಿತು, 'ಕರೆ', 'ಎಸೆ' ಎಂಬ ಎರಡನ್ನೂ ಅವುಗಳ ಮರಿಗಳನ್ನೂ ಬಿಟ್ಟು. ಹಳೆಯದೂ ತಪ್ಪಲ್ಲ, ಹೊಸದೂ ತಪ್ಪಲ್ಲ.

ಗ್ರೆನೋಬ್ಲ್ ಗೌಡ

ಮೇಷ್ಟ್ರೇ, ಒಂದು ಸೇರಿಸ್ತೀನಿ. 'ನಾವು ಮಾಡ್ತೀವಿ' ಅನ್ನೋದನ್ನ ಎ-ಐ ಹಾಕಿ ಬರೀತಾರೆ, ಓದೋದು 'ನೂ ಫಜ಼ೋಂ'. 'ಫೆಜ಼ೋಂ' ಅಂತ ಓದಿದ್ರೆ ಪುಸ್ತಕದ ಹುಳು ಅಂತ ಗೊತ್ತಾಗುತ್ತೆ.

ಬರವಣಿಗೆ ಕಷ್ಟ ನಮಗೊಂದೇ ಅಲ್ಲ. ಮೂಲರೂಪದ ಇ-ಆರ್, 'ನೀವು' ಸಾಲಿನ ಇ-ಜ಼ೆಡ್, ಭೂತಕೃದಂತದ ಗೆರೆ ಇರೋ ಇ, ಮೂರೂ ಕಿವಿಗೆ 'ಪಾರ್ಲೇ'. ಇಲ್ಲಿ ಫ್ರಾನ್ಸಿನ ದೊಡ್ಡವರೇ ಮೆಸೇಜಲ್ಲಿ ಮೂರನ್ನೂ ಕಲಸಿ ಬರೀತಾರೆ. ಶಾಲೆ ಮಕ್ಕಳಿಗೆ ಕಲಿಸೋ ಉಪಾಯ ಚೆನ್ನಾಗಿದೆ: ಆ ಜಾಗದಲ್ಲಿ 'ಮಾರು' ಕ್ರಿಯಾಪದ ಇಟ್ಟು ನೋಡು. 'ವಾಂದ್ರ್' ಒಪ್ಪಿದರೆ ಮೂಲರೂಪ, 'ವಾಂದ್ಯು' ಒಪ್ಪಿದರೆ ಕೃದಂತ. ಟಿವಿಯಲ್ಲಿ ಉಕ್ತಲೇಖನವನ್ನೇ ಸ್ಪರ್ಧೆ ಮಾಡಿ, ದೇಶ ಪೂರ್ತಿ ಪೆನ್ನು ಹಿಡಿದು ಕೂರೋ ಹಾಗೆ ಟಿವಿ ನಿರೂಪಕ ಬರ್ನಾರ್ ಪಿವೋ 1985ರಲ್ಲಿ ಶುರು ಮಾಡಿದ್ದು ಸುಮ್ಮನೆ ಅಲ್ಲ.

ಒಂಬತ್ತನೇ ಕ್ಲಾಸಿನ ಅಮ್ಮ

ಮಗಳು ಪಕ್ಕದಲ್ಲೇ ಕೂತು ಓದ್ತಿದ್ದಾಳೆ. ಅವಳ ಪ್ರಶ್ನೆ: 'ಮಾಡ್ತೀನಿ', 'ಮಾಡ್ತಾ ಇದ್ದೀನಿ' ಎರಡಕ್ಕೂ ಬೇರೆ ರೂಪ ಬೇಡವಾ?

ಮಾಂಟ್ರಿಯಲ್ ಮಂಜು

ಬೇಡ. 'ಝ ಪಾರ್ಲ್' ಎರಡೂ ಆಗುತ್ತೆ. ಈ ಕ್ಷಣ ಅದೇ ಕೆಲಸದಲ್ಲಿದ್ದೀನಿ ಅಂತ ಒತ್ತಿ ಹೇಳಬೇಕಾದ್ರೆ ಮಾತ್ರ 'ಝ ಸ್ವಿ ಆಂ ತ್ರಾಂ ದ' ಸೇರಿಸಿ ಮೂಲರೂಪ ಹಾಕಿ. ಇಂಗ್ಲಿಷ್ ದಾರೀಲಿ ಬಂದ ಮಕ್ಕಳು ಪ್ರತಿ ವಾಕ್ಯಕ್ಕೂ ಅದನ್ನ ಹಾಕ್ತಾರೆ, ಕೇಳೋಕೆ ಭಾರ.

ಅದಕ್ಕಿಂತ ಮುಖ್ಯವಾದದ್ದು 'ದಪ್ವಿ', ಅಂದ್ರೆ ಅಂದಿನಿಂದ, ಅಷ್ಟು ದಿನದಿಂದ. 'ಮೂರು ವರ್ಷದಿಂದ ಬೆಂಗಳೂರಲ್ಲಿ ಇದ್ದೀನಿ' ಅಂತ ಕನ್ನಡದಲ್ಲಿ ವರ್ತಮಾನದಲ್ಲೇ ಹೇಳ್ತೀವಲ್ಲ, ಫ್ರೆಂಚಲ್ಲೂ ವರ್ತಮಾನವೇ: 'ಝಾಬೀತ್ ಬಾಂಗಲೋರ್ ದಪ್ವಿ ತ್ರ್ವಾಜ಼ಾಂ'. ಇಂಗ್ಲಿಷ್ ಅಲ್ಲಿ ಬೇರೆ ಕಾಲಕ್ಕೆ ಹಾರುತ್ತೆ. ಕನ್ನಡದಿಂದ ನೇರ ಫ್ರೆಂಚಿಗೆ ಹೋದವರು ಇಲ್ಲಿ ಎಡವೋದೇ ಇಲ್ಲ, ಇಂಗ್ಲಿಷ್ ಸೇತುವೆ ಹತ್ತಿ ಬಂದವರೇ ಭೂತಕಾಲಕ್ಕೆ ಬೀಳ್ತಾರೆ. ಮಗಳಿಗೆ ಮೊದಲು ಕನ್ನಡದಲ್ಲೇ ವಾಕ್ಯ ಯೋಚಿಸೋಕೆ ಹೇಳಿ.

ಧಾರವಾಡ ಪೇಢೆ

ಗೌಡ್ರ ಕಳಚೋ ನಿಯಮ ಹಿಡ್ಕೊಂಡು ಸಿಕ್ಕ ಸಿಕ್ಕದ್ದರ ಮ್ಯಾಲೆ ಪ್ರಯೋಗ ಮಾಡಾಕ ಹತ್ತೀನಿ. ಬಹಳಷ್ಟು ಬಗ್ಗತಾವ. ಗೊತ್ತಿರೋದು ಅನ್ನೋದಕ್ಕ 'ಅವರು' 'ಸಾವ್'. ವ್ ಕಳಚಿದ್ರ 'ಸಾ' ಆಗಬೇಕು. ಪಟ್ಟಿಯೊಳಗ 'ಇಲ್ ಸೆ' ಅಂತ ಅದ. ಇದೇನ್ರಿ ಮೋಸ? ಮತ್ತ ನೋಡೋದು ಅನ್ನೋದಕ್ಕ ಇಬ್ಬರಿಗೂ 'ವ್ವಾ', ಓಡೋದಕ್ಕ ಇಬ್ಬರಿಗೂ 'ಕೂರ್'. ಅಲ್ಲಿ ಏನ್ ಕಳಚಬೇಕು?

ಗ್ರೆನೋಬ್ಲ್ ಗೌಡ

'ಸಾವ್–ಸೆ' ನಿಯಮಕ್ಕೆ ಬಗ್ಗಲ್ಲ. ವ್ಯಂಜನ ಕಳಚೋದರ ಜೊತೆ ಸ್ವರವೂ ತಿರುಗಿದೆ. ಬೆಲೆ ಬಾಳು ಅನ್ನೋದೂ ಹಾಗೇ, 'ವಾಲ್–ವೋ'. ಇಂಥವು ಬೆರಳೆಣಿಕೆ, ಹಾಗೇ ನುಂಗಿಬಿಡಿ. ಮೂಗಿನ ಸ್ವರದವು ಮಾತ್ರ ಕಣ್ಣಿಗೆ ತಪ್ಪಿದ ಹಾಗೆ ಕಂಡರೂ ನಿಯಮದೊಳಗೇ ಇವೆ: 'ವಿಯೆನ್'ನ ನ್ ಉದುರೋವಾಗ ತನ್ನ ಮೂಗನ್ನ ಹಿಂದಿನ ಸ್ವರಕ್ಕೆ ಕೊಟ್ಟು ಹೋಗುತ್ತೆ, 'ವಿಯಾಂ' ಉಳಿಯುತ್ತೆ. ಹೆದರೋದು ಅನ್ನೋದೂ ಅದೇ ಜಾತಿ, 'ಕ್ರೆಞ್–ಕ್ರಾಂ'.

'ವ್ವಾ'ದಲ್ಲಿ ಕಳಚೋಕೆ ವ್ಯಂಜನವೇ ಇಲ್ಲ, ನಂಬೋದು 'ಕ್ರ್ವಾ' ಕೂಡ ಹಾಗೇ, ನಗೋದು 'ರಿ' ಕೂಡ. 'ಕೂರ್'ನಲ್ಲಿ ಇರೋದು ರ್ ಒಂದೇ, ಅದು ಉದುರೋ ಪೈಕಿ ಅಲ್ಲ ಅಂತ ಮೇಲೇ ಹೇಳಿದ್ದೆ. ಸಾಯೋದು 'ಮರ್' ಹತ್ತಿರ ಕೇಳುತ್ತೆ, ಅಲ್ಲೂ ಒಬ್ಬ ಸತ್ತರೂ ಹತ್ತು ಜನ ಸತ್ತರೂ ಒಂದೇ ಸದ್ದು.

ರಾತ್ರಿಪಾಳಿ

'ಪರಿಚಯ ಇರೋದು' ಕೂಡ ನಾನೇ ಕಳಚಿ ನೋಡ್ದೆ. 'ಅವರು' 'ಕೊನೆಸ್', ಹಾಗಾಗಿ 'ಅವನು' 'ಕೊನೆ'. ಆಡಿಯೊದಲ್ಲೂ ಹಾಗೇ ಇದೆ. ಆದರೆ ಪುಸ್ತಕದಲ್ಲಿ 'ಅವನು' ಸಾಲಿಗೆ ಮಾತ್ರ ಐ ಮೇಲೆ ಒಂದು ಟೋಪಿ ಇದೆ. ಬಿಟ್ಟರೆ ಅಂಕ ಹೋಗುತ್ತಾ?

ಹಳೇ ಮೇಷ್ಟ್ರು

1990ರ ಸುಧಾರಣೆಯ ಪ್ರಕಾರ ಆ ಟೋಪಿ ಬಿಡಬಹುದು. ಹಾಕಿದರೂ ತಪ್ಪಲ್ಲ. ಹಾಕುವುದಾದರೆ ಟಿ ಅಕ್ಷರದ ಮುಂಚೆ ಬರುವ ಐ ಮೇಲೆ ಮಾತ್ರ; 'ನಾನು, ನೀನು' ಸಾಲಿನಲ್ಲಿ ಟಿ ಇಲ್ಲ, ಆದ್ದರಿಂದ ಟೋಪಿಯೂ ಇಲ್ಲ. ಮೂಲರೂಪದಲ್ಲಿ ಟಿ ಇದೆ, ಹಾಗಾಗಿ ಅಲ್ಲೂ ಹಳೆಯ ಬರಹದಲ್ಲಿ ಟೋಪಿ ಕಾಣುತ್ತದೆ. ಒಂದೇ ಪತ್ರದಲ್ಲಿ ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ಬೆರೆಸಬೇಡಿ.